ಬಾಲಕೃಷ್ಣ ಮಾವನಿಗೊಂದು ಹೆಡ್‌ಫೋನ್

ಎರಡನೇ ಶನಿವಾರ. ಬ್ಯಾಂಕಿಗೆ ರಜೆ. ಬೆಳಗಿನ ಕಾಫಿ ಮುಗಿಸಿ ರಮಾನಾಥ ಮೊಬೈಲನ್ನು ಸ್ಪೀಕರಿಗೆ ಸಿಕ್ಕಿಸಿದ. ಬಾಲಕೃಷ್ಣ ಮಾವ ಹಾಡತೊಡಗಿದರು. ಅದೇ ಹೊತ್ತಿಗೆ ಉಡುಪಿಯಿಂದ ಅಕ್ಕನ ಫೋನ್ ಬಂತೆಂದು ಅವನ ಹೆಂಡತಿ ಚಂದ್ರಾವತಿ ಓಡಿ ಬಂದು ಮಾವನ ದನಿಯನ್ನು ಅರ್ಧಕ್ಕೆ ಇಳಿಸಿದಳು. ಮರುಗಳಿಗೆಯಲ್ಲಿ ಕಾಲಡಿಯಿಂದ ಸದ್ದು ಬಂತು. ಟಕ್. ಟಕ್ ಟಕ್.

ಕೆಳಗಿನಿಂದ ಯಾರೋ ಕೋಲಿನಲ್ಲಿ ಛಾವಣಿಗೆ ಕುಟ್ಟುತ್ತಿದ್ದರು. ಯಾರೋ ಏನು, ಶ್ಯಾಮಸುಂದರ ಬಾಬುವೇ. ಕೊಲ್ಕತ್ತಾದ ಬಾಲಿಗಂಜಿನ ಆ ಹಳೆಯ ಕಟ್ಟಡದ ಮಾಲೀಕರು. ರಮಾನಾಥ ದನಿಯನ್ನು ಇನ್ನಷ್ಟು ಇಳಿಸಿದ. ಕುಟ್ಟುವುದು ಜೋರಾಯಿತು. ಮತ್ತೂ ಇಳಿಸಿದ. ಈಗ ಬಿದ್ದ ಪೆಟ್ಟಿಗೆ ಮೇಜಿನ ಮೇಲಿನ ಲೋಟ ಅಲುಗಿತು. ಕೊನೆಗೆ ಹೆದರಿ ಮಾವನ ಬಾಯಿಯನ್ನೇ ಮುಚ್ಚಿಬಿಟ್ಟ. ಕೆಳಗೆ ಸಿಟ್ಟಿನಲ್ಲಿ ಇನ್ನೊಂದು ಪೆಟ್ಟು ಬಿದ್ದು ಎಲ್ಲ ಶಾಂತವಾಯಿತು.

"ಕೇಳಿತಾ?" ಎಂದಳು ಚಂದ್ರಾವತಿ, ಫೋನಿಗೆ ಕೈ ಅಡ್ಡ ಹಿಡಿದು. "ಮುಂದಿನ ತಿಂಗಳು ಮನೆ ಕರಾರು ಮುಗೀತದೆ. ನಿಮ್ಮ ಮಾವ ಹಾಡಿ ಹಾಡಿ ನಮ್ಮನ್ನು ಬೀದಿಗೆ ಹಾಕ್ತಾರೆ."

"ಮಾವನನ್ನು ಯಾಕೆ ಬೈಯುದು ಮಾರಾಯ್ತಿ? ಅವರು ತೀರಿಹೋಗಿ ಎಷ್ಟು ಕಾಲ ಆಯ್ತು."

"ಅವರಿಗೆ ಇನ್ನು ಮನೆ ಬೇಡ. ನಮಗೆ ಬೇಕಲ್ಲ?"

ಅದೂ ನಿಜವೇ. ಕೊಲ್ಕತ್ತಾದಲ್ಲಿ ಇಂಥ ಮನೆ ಮತ್ತೆ ಸಿಗುವುದು ಸುಲಭವಲ್ಲ. ಗಾಳಿ, ಬೆಳಕು, ಹತ್ತು ಹೆಜ್ಜೆಗೆ ತರಕಾರಿ, ತೆಂಗಿನಕಾಯಿ ಕೂಡ ಸಿಗುವ ಅಂಗಡಿ. ಆದರೆ ಮಾವನನ್ನು ಬಿಡುವುದಾದರೂ ಹೇಗೆ? ರಮಾನಾಥನ ಸೋದರಮಾವ ಬಾಲಕೃಷ್ಣ ಒಂದು ಸಣ್ಣ ಯಕ್ಷಗಾನ ಮೇಳದ ಭಾಗವತರಾಗಿದ್ದವರು. ದೊಡ್ಡ ಹೆಸರು ಮಾಡಿದವರಲ್ಲ. ಆದರೆ ಮಗನನ್ನು ಕಳೆದುಕೊಂಡ ತಾಯಿಯ ಪದವನ್ನು ಅವರು ಎತ್ತಿದರೆ ಕಡಲೆಕಾಯಿ ಮಾರುವವನೂ ಕೈ ನಿಲ್ಲಿಸುತ್ತಿದ್ದ. ಯಾವುದೋ ಮದುವೆ ಮನೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟು ಹಿಡಿದ ಆ ಒಂದು ಹಾಡಷ್ಟೇ ಈಗ ಉಳಿದಿರುವುದು. ಅದೇ ರಮಾನಾಥನ ಮೊಬೈಲಿನಲ್ಲಿ ಇರುವುದು. ವಾರವಿಡೀ ಸಾಲದ ಕಡತಗಳನ್ನು ತಿರುವಿ ಹಾಕುವವನಿಗೆ ರಜೆಯ ದಿನ ಅದನ್ನು ಕೇಳದಿದ್ದರೆ ಊಟ ರುಚಿಸುವುದಿಲ್ಲ.

"ಒಂದು ಹೆಡ್‌ಫೋನ್ ತನ್ನಿ" ಎಂದಳು ಚಂದ್ರಾವತಿ. "ಕಡಿಮೆ ಕ್ರಯದ್ದು ಸಾಕು. ಹಾಡು ನಿಮ್ಮ ಕಿವಿಯಿಂದ ಹೊರಗೆ ಬರಬಾರದು, ಅಷ್ಟೆ."

ರಮಾನಾಥ ಮಗಳಿಗೆ ಫೋನ್ ಮಾಡಿದ. ಅಶ್ವಿತಾ ನಗರದಂಚಿನ ಜೋಕಾದಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. "ಅಪ್ಪಾ, ವೈರ್‌ಲೆಸ್ ತಗೊಳ್ಳಿ, ನಾಯ್ಸ್ ಕ್ಯಾನ್ಸಲಿಂಗ್ ಇರೋದು. ವೈರ್ ಎಲ್ಲ ಈಗ ಕೌನ್ ಯೂಸ್ ಕರ್ತಾ ಹೈ?" ಎಂದು ಒಂದು ಚಿತ್ರ ಕಳಿಸಿದಳು. ಕೆಳಗೆ ಬರೆದಿದ್ದ ಬೆಲೆ ನೋಡಿ ರಮಾನಾಥ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಅಷ್ಟು ದುಡ್ಡಿಗೆ ಮಾವ ಮೇಳದ ಒಂದು ವರ್ಷದ ತಿರುಗಾಟ ಪೂರ್ತಿ ಹಾಡುತ್ತಿದ್ದರು.

ಚೀಲ ಹಿಡಿದು ಮೆಟ್ಟಿಲಿಳಿದರೆ ಕೆಳಗಿನ ಬಾಗಿಲಲ್ಲೇ ಶ್ಯಾಮಸುಂದರ ಬಾಬು! ಕೈಯಲ್ಲಿ ಕಿಟಕಿ ಪರದೆಯ ಉದ್ದನೆಯ ಕೋಲು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನು ನಮ್ಮ ರಮಾನಾಥ. ಇಲ್ಲಿ ಕಳ್ಳ ಅನ್ನುವ ಮೊದಲೇ ಮುಟ್ಟಿಕೊಂಡ.

"ರಮಾನಾಥ ಬಾಬು, ನಿಮ್ಮ ಆ ಹಾಡು…" ಎಂದು ಮುದುಕರು ಹಿಂದಿಯಲ್ಲಿ ಶುರುಮಾಡಿದರು.

"ಗೊತ್ತು ದಾದಾ, ಗೊತ್ತು! ತಪ್ಪಾಯಿತು. ಇವತ್ತೇ ಅದಕ್ಕೊಂದು ವ್ಯವಸ್ಥೆ ಮಾಡ್ತೇನೆ. ಈಗ ಅದನ್ನೇ ತರಲು ಅಂಗಡಿಗೆ ಹೊರಟದ್ದು."

"ಇವತ್ತೇ?"

"ಸಂಜೆಯೊಳಗೆ! ಇನ್ನು ಮೇಲೆ ನಿಮಗೆ ಈ ಕೋಲಿನ ಕೆಲಸವೇ ಇರುವುದಿಲ್ಲ."

ಶ್ಯಾಮಸುಂದರ ಬಾಬುವಿನ ಮುಖ ಅರಳಿತು. "ಖೂಬ್ ಭಾಲೋ!" ಎಂದು ಅವನ ಬೆನ್ನು ತಟ್ಟಿದರು. ಎಷ್ಟು ದೊಡ್ಡ ಮನುಷ್ಯ, ಒಂದು ಕೆಟ್ಟ ಮಾತಾಡಲಿಲ್ಲ ಎಂದುಕೊಂಡು ರಮಾನಾಥ ಬೀದಿಗೆ ಬಿದ್ದ.

ಬಿದ್ದವನ ಹಿಂದೆಯೇ ಅಜಯ್ ದಾ ಬಂದ. ಎದುರು ಫ್ಲ್ಯಾಟಿನವನು; ಬಂಗಾಳಿಯಲ್ಲಿ ದಾ ಎಂದರೆ ಅಣ್ಣ. ಮೀನಿನಿಂದ ಹಿಡಿದು ಮೆಟ್ರೋದವರೆಗೆ ಅವನಿಗೆ ತಿಳಿಯದ ವಿಷಯವಿಲ್ಲ, ಮತ್ತು ತಿಳಿದದ್ದನ್ನು ಹೇಳದೆ ಬಿಡುವ ಅಭ್ಯಾಸವೂ ಇಲ್ಲ. "ಹೆಡ್‌ಫೋನಾ? ಒಬ್ಬರೇ ಹೋದರೆ ಟೋಪಿ ಹಾಕ್ತಾರೆ, ರಮಾನಾಥ್ ದಾ. ನಡೀರಿ" ಎಂದು ಕರೆಯದೆಯೇ ಕೊಲ್ಕತ್ತಾದ ಚಾಂದನಿ ಚೌಕದವರೆಗೂ ಬಂದ.

ಅಲ್ಲಿನ ಒಂದು ಅಂಗಡಿಯಲ್ಲಿ ಹೆಡ್‌ಫೋನುಗಳು ಸಂತೆಯ ಬಾಳೆಗೊನೆಗಳ ಹಾಗೆ ತೂಗುತ್ತಿದ್ದವು. ರಮಾನಾಥ ತನ್ನ ಹಳೆಯ ಮೊಬೈಲ್ ಹೊರತೆಗೆದ. ವೈರ್ ಸಿಕ್ಕಿಸುವ ತೂತಿರುವ ಫೋನು ಅದು. ಬದಲಾಯಿಸಿ ಎಂದು ಮಗಳು ಗೋಗರೆಯುತ್ತಿದ್ದ ಆ ಡಬ್ಬಕ್ಕೆ ಇವತ್ತು ಮಾನ ಬಂತು.

"ಇದನ್ನು ಹಾಕಿಕೊಳ್ಳಿ" ಎಂದ ಅಜಯ್ ದಾ, ಕೆಂಪು ಬಣ್ಣದ ಒಂದನ್ನು ಇಳಿಸಿ. "ಏನು ಬೇಸ್! ಎದೆಯೇ ಗುಡುಗುತ್ತದೆ."

ಎದೆ ಗುಡುಗಿದ್ದು ನಿಜ. ಆದರೆ ಮದ್ದಳೆಯೊಂದೇ ಗುಡುಗಿ, ಮಾವ ಬಾವಿಯೊಳಗೆ ಬಿದ್ದು ಕೂಗಿದ ಹಾಗೆ ಕೇಳಿಸಿತು. ರಮಾನಾಥ ಅದನ್ನು ತೆಗೆದಿಟ್ಟ.

ಎರಡನೆಯದು ಕಿವಿಯ ಮೇಲೆ ಹಗುರಾಗಿ ಕೂತಿತು. ಹೊರಬದಿಗೆಲ್ಲ ಜಾಲರಿ. ಹಾಡು ಎಷ್ಟು ಬಿಡುಬೀಸಾಗಿತ್ತೆಂದರೆ ರಂಗಸ್ಥಳದ ಮುಂದೆಯೇ ಕೂತ ಹಾಗೆ. ಇದೇ ಇರಲಿ ಎನ್ನುವಷ್ಟರಲ್ಲಿ ಅಂಗಡಿಯವನು, "ಹಾಡು ಚೆನ್ನಾಗಿದೆ ಸಾರ್, ಯಾವ ಭಾಷೆ?" ಎಂದ. ಜಾಲರಿಯಿಂದ ಮಾವ ಅಂಗಡಿಗೆಲ್ಲ ಕೇಳಿಸುತ್ತಿದ್ದರು! ಇದನ್ನು ಹಾಕಿಕೊಂಡರೆ ಮತ್ತೆ ಕೋಲು ಬಂತೆಂದೇ ಲೆಕ್ಕ.

ಮೂರನೆಯದು ಮೂಲೆಯಲ್ಲಿ ಧೂಳು ಹಿಡಿದು ತೂಗುತ್ತಿತ್ತು. ಕಪ್ಪು, ದಪ್ಪ ವೈರು, ಕಿವಿಯನ್ನು ಪೂರ್ತಿ ಮುಚ್ಚುವ ಮೆತ್ತೆ. ಬೆಲೆಯೂ ಕಡಿಮೆ. "ಅದು ಹಳೆ ಮಾಲು, ಬೇಡ" ಎಂದ ಅಜಯ್ ದಾ. ರಮಾನಾಥ ಹಾಕಿಕೊಂಡ. ಅಜಯ್ ದಾನ ತುಟಿ ಅಲ್ಲಾಡುತ್ತಲೇ ಇತ್ತು, ಮಾತು ಕೇಳಿಸಲಿಲ್ಲ. ಈ ಒಂದು ಗುಣಕ್ಕೇ ಅದನ್ನು ಕೊಳ್ಳಬಹುದಿತ್ತು. ಅಷ್ಟರಲ್ಲಿ, ಪದ ಎತ್ತುವ ಮೊದಲು, ಮಾವ ಉಸಿರೆಳೆದುಕೊಂಡದ್ದು ಕೇಳಿಸಿತು.

ಇಷ್ಟು ವರ್ಷ ಆ ಹಾಡು ಕೇಳಿದರೂ ಆ ಉಸಿರನ್ನು ಅವನು ಕೇಳಿರಲಿಲ್ಲ. ಚಿಕ್ಕವನಿದ್ದಾಗ ಮಾವನ ಮಗ್ಗುಲಲ್ಲಿ ಚಾಪೆಯ ಮೇಲೆ ಮುದುಡಿ ಕೂತು ಕೇಳಿದ್ದ ಅದೇ ಉಸಿರು. ಆಮೇಲೆ ಸಣ್ಣಗೆ ಗಂಟಲು ಸರಿಮಾಡಿಕೊಂಡದ್ದು, ಜಾಗಟೆಯ ಕೊನೆಯ ಗುಂಯ್. ಹಾಡಿದವರು ಸತ್ತರೂ ಉಸಿರು ಉಳಿದಿತ್ತಲ್ಲ ಎಂದು ರಮಾನಾಥನ ಕಣ್ಣು ತುಂಬಿತು. ಅಂಗಡಿಯವನು ಬೆಲೆ ಜಾಸ್ತಿಯಾಯಿತೇನೋ ಎಂದು ತಿಳಿದು ತಾನಾಗಿ ಸ್ವಲ್ಪ ಇಳಿಸಿದ.

ಸಂಜೆ ಚಂದ್ರಾವತಿ ಗಡಿಯಾಹಾಟಿನ ಮಾರುಕಟ್ಟೆಗೆ ಹೋದದ್ದೇ ತಡ, ರಮಾನಾಥ ಆರಾಮ ಕುರ್ಚಿಯಲ್ಲಿ ಒರಗಿ, ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿದ. ಮಾವ ಉಸಿರೆಳೆದರು. ಪದ ಎತ್ತಿದರು. ಇಂಥ ಪದವನ್ನು ಸುಮ್ಮನೆ ಕೇಳಿ ಕೂರುವುದು ಕರಾವಳಿಯವನಿಂದ ಆಗುವ ಕೆಲಸವಲ್ಲ. ರಮಾನಾಥ ಜೊತೆಗೆ ಹಾಡಿದ. ಮಾವ ಏರಿದಲ್ಲಿ ತಾನೂ ಏರಿದ. ತಾಯಿ ಮಗನನ್ನು ಕರೆದಲ್ಲಿ ತಾನೂ ಕೈ ಚಾಚಿ ಕರೆದ. ಅವನ ಕಿವಿಯಲ್ಲಿ ಚೆಂಡೆ, ಮದ್ದಳೆ, ಮಾವ ಎಲ್ಲ ಇದ್ದರು. ಕಟ್ಟಡದ ಉಳಿದವರ ಕಿವಿಯಲ್ಲಿ ಇದ್ದದ್ದು ರಮಾನಾಥನೊಬ್ಬನೇ. ಆ ಗಂಟಲನ್ನು ಮಾವನೇ ಅವನ ಎಂಟನೇ ವಯಸ್ಸಿನಲ್ಲಿ ಪರೀಕ್ಷಿಸಿ, "ನೀನು ಓದು, ಮಗೂ" ಎಂದು ಆಶೀರ್ವದಿಸಿದ್ದರು.

ಚಂದ್ರಾವತಿ ಮರಳಿ ಬಂದಾಗ ಬಾಗಿಲ ಮುಂದೆ ಜನ ಸೇರಿತ್ತು. ಅಜಯ್ ದಾ ಬಾಗಿಲು ಬಡಿಯುತ್ತಿದ್ದ. ಶ್ಯಾಮಸುಂದರ ಬಾಬು ಮೊಣಕಾಲು ಹಿಡಿದು ಏದುಸಿರು ಬಿಡುತ್ತಿದ್ದರು. ಅವರ ಹಿಂದೆ ಗುರುತಿಲ್ಲದ ನಾಲ್ಕು ಮಂದಿ ಮುದುಕರು.

"ಬೌದಿ, ಬೇಗ ತೆಗೀರಿ! ಒಳಗೆ ದಾದಾ ನರಳ್ತಿದ್ದಾರೆ!" ಎಂದು ಅಜಯ್ ದಾ ಅತ್ತಿಗೆಯನ್ನು ಅವಸರಪಡಿಸಿದ.

ಅವಳು ಚೀಲವನ್ನು ಅಲ್ಲೇ ಬಿಸುಟು ಬೀಗ ತೆಗೆದಳು. ಕುರ್ಚಿಯಲ್ಲಿ ರಮಾನಾಥ ಕಣ್ಣು ಮುಚ್ಚಿ, ಕೆನ್ನೆಯ ಮೇಲೆ ನೀರು ಸುರಿಸುತ್ತ, ಎರಡೂ ಕೈ ಮೇಲೆತ್ತಿ ಊಳಿಡುತ್ತಿದ್ದ. "ಹಾರ್ಟ್!" ಎಂದು ಕೂಗಿದ ಅಜಯ್ ದಾ. ಚಂದ್ರಾವತಿ ಹೆಡ್‌ಫೋನ್ ಕಿತ್ತುಕೊಂಡಳು. ಅದೇ ಕ್ಷಣಕ್ಕೆ ಅಜಯ್ ದಾ ತಂಬಿಗೆ ನೀರನ್ನು ಅವನ ನೆತ್ತಿಗೆ ಸುರಿದ. ಹೆಡ್‌ಫೋನ್ ಬದುಕಿತು, ರಮಾನಾಥ ತೊಯ್ದ.

"ಎಂತ ಆಯ್ತು ನಿಮಗೆ?"

"ಎಂತ ಆಗುದು? ಹಾಡು ಕೇಳ್ತಾ ಇದ್ದೆ ಮಾರಾಯ್ತಿ!"

ರಮಾನಾಥ ನೀರೊರೆಸಿಕೊಂಡು ನೋಡಿದರೆ ಎದುರಿಗೆ ಶ್ಯಾಮಸುಂದರ ಬಾಬು. ಮನೆ ಹೋಯಿತು ಎಂದುಕೊಂಡ. ಕೈ ಮುಗಿದು, "ದಾದಾ, ನೋಡಿ, ವ್ಯವಸ್ಥೆ ಮಾಡಿದ್ದೇನೆ. ಇನ್ನು ಮಾವನ ಹಾಡು ಕೆಳಗೆ ಒಂದಿಷ್ಟೂ ಕೇಳುವುದಿಲ್ಲ" ಎಂದು ಹೆಡ್‌ಫೋನ್ ತೋರಿಸಿದ.

ಮುದುಕರ ಮುಖ ಬಾಡಿತು. "ಕೇಳುವುದಿಲ್ಲವೇ? ನೀವು ದೊಡ್ಡ ಸ್ಪೀಕರ್ ತರಲು ಹೋದಿರಿ ಎಂದುಕೊಂಡೆನಲ್ಲ?"

"ಸ್ಪೀಕರಾ? ನೀವು ಕೋಲಿನಲ್ಲಿ ಕುಟ್ಟಿದ್ದು…"

"ನೀವು ಸದ್ದು ಇಳಿಸಿದ್ದಕ್ಕೆ! ಹಾಡು ಒಳ್ಳೆಯ ಘಟ್ಟಕ್ಕೆ ಬಂದಾಗಲೇ ಇಳಿಸ್ತೀರಿ. ನಾನು ಕುಟ್ಟಿದರೆ ಇನ್ನೂ ಇಳಿಸ್ತೀರಿ. ಮಂಡಿನೋವು, ಮೆಟ್ಟಿಲು ಹತ್ತಿ ಹೇಳಲು ಆಗ್ತಿರಲಿಲ್ಲ. ಭಾಷೆ ತಿಳಿಯದು ಬಾಬು, ಆದರೆ ಆ ಗಂಟಲು! ಇವತ್ತು ಜೋರಾಗಿ ಕೇಳಬಹುದೆಂದು ಇವರನ್ನೆಲ್ಲ ಕರೆಸಿದ್ದೆ. ಈತ ನದಿಯಾಚೆಯ ಹೌರಾದಿಂದ ದೋಣಿಯಲ್ಲಿ ಬಂದಿದ್ದಾನೆ. ಕಾದು ಕೂತರೆ, ಕ್ಷಮಿಸಿ, ನಿಮ್ಮ ದನಿ ಬಂತು."

ಹೌರಾದವರು ಹೌದೆಂದು ದುಃಖದಿಂದ ತಲೆಯಾಡಿಸಿದರು.

ರಮಾನಾಥನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊರಿನಿಂದ ಇಷ್ಟು ದೂರದಲ್ಲಿ, ಒಂದು ಪದವೂ ಅರ್ಥವಾಗದವರು, ಬಾಲಕೃಷ್ಣ ಮಾವನಿಗಾಗಿ ನದಿ ದಾಟಿ ಬಂದಿದ್ದರು! ಹೆಮ್ಮೆಯಿಂದ ಎದೆ ಉಬ್ಬಿತು. ಹೆಡ್‌ಫೋನ್ ಬದಿಗಿಟ್ಟು ಮೊಬೈಲನ್ನು ಸ್ಪೀಕರಿಗೆ ಸಿಕ್ಕಿಸಿದ.

"ಕರಾರಿಗೆ ನಾಳೆಯೇ ಸಹಿ ಹಾಕೋಣ" ಎಂದರು ಶ್ಯಾಮಸುಂದರ ಬಾಬು, ಆರಾಮ ಕುರ್ಚಿಯಲ್ಲಿ ಕೂರುತ್ತ. "ಒಂದೇ ಷರತ್ತು. ರಜೆಯ ದಿನವೆಲ್ಲ ಹೀಗೇ ಹಾಡಿಸಬೇಕು. ನಾವು ಹೇಗಾದರೂ ಹತ್ತಿ ಬರುತ್ತೇವೆ."

ಚಹಾ ಬಂತು, ಮುಡಿ ಬಂತು. ಮುಡಿಯೆಂದರೆ ನಮ್ಮ ಮಂಡಕ್ಕಿಯೇ, ಸಾಸಿವೆ ಎಣ್ಣೆ ಹಚ್ಚಿದ್ದು. ಮಾವ ಶುರುವಾದರು. ರಮಾನಾಥ ಬಾಗಿಲ ಬಳಿ ಮಣೆಯ ಮೇಲೆ ಕೂತು, ಆ ಉಸಿರಿಗಾಗಿ ಕಿವಿಗೊಟ್ಟ. ಸರಿಯಾಗಿ ಅಲ್ಲಿಗೆ ಬಂದಾಗ ಶ್ಯಾಮಸುಂದರ ಬಾಬು ಕಣ್ಣು ಮುಚ್ಚಿ, "ಆಹಾ!" ಎಂದರು. ಪದದ ಮೊದಲ ಸಾಲಿಗೆ ಹೌರಾದವರು "ಆಹಾಹಾ!" ಎಂದರು. ಎರಡನೆಯ ಸಾಲಿಗೆ ಐವರೂ ಸೇರಿದರು. ಮೂರನೆಯ ಸಾಲು ಏಕೆ ಚೆನ್ನಾಗಿದೆಯೆಂದು ಅಜಯ್ ದಾ ವಿವರಿಸತೊಡಗಿದ. ಅವರ ಮೆಚ್ಚುಗೆಯಲ್ಲಿ ಸುಳ್ಳಿರಲಿಲ್ಲ. ಮಾವನ ಜೀವಮಾನದಲ್ಲಿ ಅವರಿಗೆ ಇಷ್ಟು ಮೆಚ್ಚುಗೆ ಸಿಕ್ಕಿದ್ದೂ ಇಲ್ಲ. ಒಂದೇ ಕೊರತೆ, ಅದರ ನಡುವೆ ಮಾವ ಮಾತ್ರ ಕೇಳಿಸುತ್ತಿರಲಿಲ್ಲ.

ಇವರೆಲ್ಲ ಹೋದ ಮೇಲೆ ಹೆಡ್‌ಫೋನಿನಲ್ಲಿ ಕೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡು ನೋಡಿದರೆ ಅದು ಇಟ್ಟ ಜಾಗದಲ್ಲಿ ಇರಲಿಲ್ಲ.

ಒಳಗಿನ ಕೋಣೆಯಲ್ಲಿ ಚಂದ್ರಾವತಿ ಹೆಡ್‌ಫೋನ್ ಹಾಕಿಕೊಂಡು ಮಂಚದ ಮೇಲೆ ಕಾಲು ಚಾಚಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ವೈರಿನ ತುದಿ ನೆಲದ ಮೇಲೆ ಬಿದ್ದಿತ್ತು.

"ಎಂತ ಕೇಳ್ತಾ ಇದ್ದೀ?" ಎಂದು ಅವನು ಕೈಸನ್ನೆ ಮಾಡಿದ.

"ಎಂತದೂ ಇಲ್ಲ" ಎಂದಳು ಅವಳು, ಜೋರಾಗಿ. "ಮದುವೆಯಾದಂದಿನಿಂದ ಇಷ್ಟು ಒಳ್ಳೆ ಸಾಮಾನು ನೀವು ತಂದದ್ದೇ ಇಲ್ಲ ಮಾರಾಯ್ರೆ. ಅದನ್ನು ಇನ್ನು ನಾನು ಕೊಡುದಿಲ್ಲ."

"ಚಂದ್ರಾ, ರಾತ್ರಿ ಒಂದು ಗಳಿಗೆ ಮಟ್ಟಿಗೆ…"

ಅವಳು ನಗುನಗುತ್ತ ತಲೆಯಾಡಿಸಿದಳು. ಅವನ ಒಂದು ಮಾತೂ ಅವಳಿಗೆ ಕೇಳಿಸಿರಲಿಲ್ಲ.