ನನ್ನ ಜೊತೆ ಕಮಲಾಪುರಕ್ಕೂ ಬಂದ ಥಲಸ್ಸೀಮಿಯಾ ಅವರಿಗೆ

ಇವರಿಗೆ:
ಮಾನ್ಯ ಥಲಸ್ಸೀಮಿಯಾ ಅವರು,
ಹನ್ನೊಂದನೇ ವರ್ಣತಂತು, ನನ್ನ ದೇಹ,
ಸೇಡಂ ರಸ್ತೆ, ಕಲಬುರಗಿ.

ಮಾನ್ಯರೇ,

ನಾನು ಹುಟ್ಟುವ ಮೊದಲೇ ನನ್ನೊಳಗೆ ಮನೆ ಮಾಡಿಕೊಂಡು, ಇಲ್ಲಿಯವರೆಗೆ ಬಾಡಿಗೆಯ ಮಾತೇ ಎತ್ತದೆ ಸುಖವಾಗಿರುವ ತಮಗೆ ಹೊಸ ಮದುಮಗಳ ಅನಂತಾನಂತ ನಮಸ್ಕಾರಗಳು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನನಗೆ ಕನ್ನಡದಲ್ಲಿ ದೂರು ಬರೆದು ಅಭ್ಯಾಸವಿಲ್ಲ. ಆದರೆ ಅತ್ತೆಮನೆಯ ಕಡೆಯ ವಿಷಯವನ್ನು ಕನ್ನಡದಲ್ಲಿ ಹೇಳಿಕೊಂಡರೇನೇ ಸಮಾಧಾನ ಎಂದು ಮದುವೆಯಾದ ಮೇಲೆ ತಿಳಿಯಿತು.

ಮೊದಲು ತಮ್ಮ ಸಾಧನೆಯನ್ನು ಹೊಗಳುವುದು ನನ್ನ ಕರ್ತವ್ಯ. ಅಪ್ಪನಲ್ಲಿ ಅರ್ಧ, ಅಮ್ಮನಲ್ಲಿ ಅರ್ಧ ಸದ್ದಿಲ್ಲದೆ ಕುಳಿತಿದ್ದ ತಾವು ನನ್ನಲ್ಲಿ ಪೂರ್ತಿಯಾಗಿ ಒಂದುಗೂಡಿದಿರಿ. ತಮ್ಮ ಕೃಪೆಯಿಂದ ನನ್ನ ದೇಹಕ್ಕೆ ನೆಟ್ಟಗೆ ರಕ್ತ ತಯಾರಿಸಲು ಬರುವುದಿಲ್ಲ. ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಬೇರೆಯವರ ರಕ್ತ ಏರಿಸಿಕೊಳ್ಳಬೇಕು. ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿಗಳು, ಕೋಟೆ ಕಡೆಯ ಆಟೋದವರು, ಕಾಲೇಜಿನ ಹುಡುಗಿಯರು, ಯಾರು ಯಾರೋ ಕೊಟ್ಟ ರಕ್ತ ನನ್ನಲ್ಲಿ ಹರಿಯುತ್ತಿರುವುದರಿಂದ ಇಡೀ ಕಲಬುರಗಿಯೇ ನನಗೆ ತವರು. ಆ ರಕ್ತದ ಜೊತೆ ಬರುವ ಕಬ್ಬಿಣ ಮಾತ್ರ ವಾಪಸ್ಸು ಹೋಗದೆ ಹೃದಯ, ಯಕೃತ್ತುಗಳಲ್ಲಿ ಠಿಕಾಣಿ ಹೂಡುತ್ತದೆ. ಅದನ್ನು ಹೊರಗೆ ಕಳಿಸಲು ದಿನಾ ಮಾತ್ರೆ.

ಇದೆಲ್ಲವೂ ನನ್ನ ಗುರುಪ್ರಸಾದರಿಗೆ ಗೊತ್ತು. (ಅವರ ಹೆಸರು ಬರೆಯುವ ಅವಕಾಶವನ್ನು ನಾನು ಬಿಡುವುದಿಲ್ಲ, ಕ್ಷಮಿಸಿ.) ಅತ್ತೆ ಮಾವನಿಗೂ ಗೊತ್ತು. ಗೊತ್ತಿಲ್ಲದ್ದು ಕಮಲಾಪುರಕ್ಕೆ. ಅಲ್ಲಿ ಗುರುಪ್ರಸಾದರ ದೊಡ್ಡವ್ವ ನೀಲಗಂಗಮ್ಮನವರ ಮನೆಗೆ ನಾವು ಮೊದಲ ಸಲ ಹೊರಟಾಗ ಅತ್ತೆ ಮೆಲ್ಲಗೆ ಹೇಳಿದರು: "ಅಲ್ಲಿ ಎಲ್ಲಾ ಬಿಚ್ಚಿ ಹೇಳಬ್ಯಾಡ ಯವ್ವ. ರಕ್ತ ಸ್ವಲ್ಪ ಕಡಿಮಿ ಅದ ಅನ್ನು, ಸಾಕು."

ಮಾನ್ಯರೇ, ನಮ್ಮ ಕಡೆ ಹೊಸ ಸೊಸೆಗೆ ರಕ್ತ ಕಡಿಮೆ ಎಂದರೆ ಏನಾಗುತ್ತದೆಂದು ತಾವು ಒಳಗಿನಿಂದಲೇ ನೋಡಿದಿರಿ. ಬೀಟ್‌ರೂಟ್ ರಸ ಬಂತು. ಖರ್ಜೂರ ಬಂತು. ಶೇಂಗಾ ಬೆಲ್ಲ ಬಂತು. "ನಮ್ಮೂರ ಬಾಳಿಹಣ್ಣು ಕೆಂಪಂದ್ರ ಕೆಂಪು, ತಿಂದ್ರ ರಕ್ತಾನೂ ಹಂಗೇ ಆಗ್ತದ" ಎಂದು ಒಂದು ಗೊನೆಯೇ ಬಂತು. ಕೊನೆಗೆ, ಉಡಿ ತುಂಬಿಸಿಕೊಂಡು ಅತ್ತೆಯಂದಿರ ನಡುವೆ ಕುಳಿತಿದ್ದಾಗ, ದೊಡ್ಡವ್ವ ಪೇಟೆಯಿಂದ ತರಿಸಿದ ಕಬ್ಬಿಣದ ಟಾನಿಕ್ಕನ್ನು ಬಟ್ಟಲಿಗೆ ಸುರಿದು ತುಟಿಗೇ ಹಿಡಿದರು. "ಕುಡಿ ಯವ್ವ. ನಾಳಿ ಬಸಿರಿ ಆಗೋಳು, ಮೈಯಾಗ ರಕ್ತ ಬ್ಯಾಡೇನು?"

ಸೂಜಿ ಚುಚ್ಚಿಸಿಕೊಳ್ಳುತ್ತಲೇ ನರ್ಸಮ್ಮನ ಹೊಸ ಸೀರೆಯ ಬಗ್ಗೆ ವಿಚಾರಿಸುವ ನಾನು ಒಂದು ಬಟ್ಟಲಿಗೆ ಹೆದರಿದೆ. ಕುಡಿದರೆ ನನಗೆ ಹಾನಿ. ಕುಡಿದಂತೆ ಮಾಡಿ ಚೆಲ್ಲಿದರೆ ಜೀವನಪೂರ್ತಿ ಚೆಲ್ಲುತ್ತಲೇ ಇರಬೇಕು. ನಿಜ ಹೇಳಿದರೆ ಮೋಸದ ಸೊಸೆ ಎನ್ನಬಹುದು. ಗುರುಪ್ರಸಾದರು ಮಾತಾಡಲು ಎದ್ದರು. ನಾನು ಕಣ್ಣಲ್ಲೇ ಕೂರಿಸಿದೆ. ತಮ್ಮನ್ನು ಪರಿಚಯಿಸುವ ಹಕ್ಕು ನನ್ನೊಬ್ಬಳದ್ದು.

"ದೊಡ್ಡವ್ವ, ಇದು ನನಗ ವಿಷ ಇದ್ದಂಗ. ನನಗ ಇರೋದು ಥಲಸ್ಸೀಮಿಯಾ. ಹುಟ್ಟಿದಾಗಿಂದ ಅದ, ಕಡೀತನಕ ಇರ್ತದ. ಬ್ಯಾರೆಯವರು ಕೊಟ್ಟ ರಕ್ತದ ಮ್ಯಾಲ ನಾ ಬದುಕೀನಿ."

ಮೂಲೆಯಿಂದ ಒಬ್ಬ ಚಿಕ್ಕವ್ವ, "ಹೇಳಲಾರದೇ ಕಟ್ಟ್ಯಾರೇನು?" ಎಂದರು. "ನನಗ ಮೊದಲೇ ಹೇಳ್ಯಾಳ್ರೀ ಚಿಕ್ಕವ್ವ, ಕೇಳೇ ಮಾಡ್ಕೊಂಡೀನಿ" ಎಂದರು ನನ್ನವರು. (ಆಹಾ!)

ದೊಡ್ಡವ್ವ ನನ್ನನ್ನೊಮ್ಮೆ, ಬಟ್ಟಲನ್ನೊಮ್ಮೆ ನೋಡಿದರು. "ಹುಚ್ಚಿ, ಬಂದ ಕೂಡ್ಲೇ ಹೇಳಬಾರದೇನು? ನಾ ಪ್ರೀತೀಲೆ ನಿನಗ ವಿಷ ಹಾಕ್ತಿದ್ದೆನಲ್ಲ!" ಎಂದು ಕಣ್ಣೊರೆಸಿಕೊಂಡು, ಗಿರಿಜಾ ಮೀಸೆಯ ಹಿರಿಮಗನತ್ತ ತಿರುಗಿದರು. "ಏ ಕಲ್ಯಾಣಪ್ಪ, ತಿಂದು ತಿಂದು ಮೈ ಬೆಳೆಸೀದಿ, ನಿಂದು ಯಾವ ರಕ್ತನೋ?"

ನನ್ನ ಮುಂದಿನ ಸರದಿಯ ದಿನ ಕಲ್ಯಾಣಪ್ಪ ಭಾವ ರಕ್ತ ಕೊಡಲು ಕಲಬುರಗಿಗೆ ಬಂದರು. ಸೂಜಿ ಕಂಡು ಕಣ್ಣು ಮುಚ್ಚಿದ ಅವರ ಕೈಯನ್ನು ನಾನೇ ಹಿಡಿದುಕೊಂಡೆ.

ಹೀಗೆ ತಮ್ಮಿಂದ ನನಗೆ ಇಷ್ಟೊಂದು ಬಂಧುಬಳಗ ಒದಗಿದ್ದರೂ ಕೆಲವು ವಿನಂತಿಗಳಿವೆ. ಇತ್ತೀಚೆಗೆ ಗುರುಪ್ರಸಾದರು ಮನೆಗೆ ಬಂದಾಗ ಎದೆ ಡವಡವ ಎನ್ನುವುದು ಪ್ರೇಮದಿಂದಲೋ ಹಿಮೋಗ್ಲೋಬಿನ್ ಇಳಿದದ್ದರಿಂದಲೋ ತಿಳಿಯದಾಗಿದೆ. ದಯವಿಟ್ಟು ಎರಡಕ್ಕೂ ಬೇರೆ ಬೇರೆ ಬಡಿತ ಮಂಜೂರು ಮಾಡಬೇಕು. ಹಬ್ಬ, ಹುಟ್ಟುಹಬ್ಬ ಮತ್ತು ನಾವಿಬ್ಬರೂ ಜಗಳವಾಡುವ ದಿನಗಳಲ್ಲಿ ತಾವು ರಜೆಯ ಮೇಲೆ ತೆರಳಬೇಕು. ತಾವು ಖಾಯಂ ಆಗಿ ತೆರಳುವುದಾದರೆ ಬುತ್ತಿ ಕಟ್ಟಿಕೊಡಲು ಕಮಲಾಪುರದವರೆಲ್ಲ ಸಿದ್ಧರಿದ್ದಾರೆ.

ಬಿಟ್ಟುಹೋಗಿರೆಂದು ದಿನಾ ಬೇಡಿಕೊಂಡರೂ,
ತಮ್ಮ ವಿಶ್ವಾಸಿ,
ಸೃಷ್ಟಿ ಗುರುಪ್ರಸಾದ

ತಾ.ಕ.: ದೊಡ್ಡವ್ವ ಕಿರಿಮಗ ಕಪಿಲನಿಗೆ ಹೆಣ್ಣು ನೋಡುತ್ತಿದ್ದಾರೆ. ಇಬ್ಬರ ರಕ್ತ ಪರೀಕ್ಷೆಯಾಗದೆ ಮಾತುಕತೆಗೆ ಕೂರುವುದಿಲ್ಲವೆಂದು ಬೀಗರಾಗುವವರಿಗೆ ಹೇಳಿ ಕಳಿಸಿದ್ದಾರೆ. ಅದನ್ನು ಕೇಳಿ ಓಣಿಯ ಇನ್ನೆರಡು ಮನೆಯವರೂ ಹಾಗೇ ಮಾಡುತ್ತಿದ್ದಾರಂತೆ. ಕಮಲಾಪುರದಲ್ಲಿ ತಮಗೆ ಇನ್ನು ಮನೆ ಸಿಗುವುದು ಕಷ್ಟ. ನಾನು ಬಾಯಿ ಬಿಟ್ಟದ್ದಕ್ಕೆ ಕ್ಷಮೆ ಇರಲಿ.