ನೀಲಿ ಇರುವ ತನಕ ರಜೆ

ಕನ್ನಡಿಯ ಮುಂದೆ ತಾನು ನಿಂತರೆ ಒಳಗೆ ಅತ್ತೆ ಕಾಣಿಸುತ್ತಾರೆ ಎಂಬುದು ಗಡಿಯಾರ ರಿಪೇರಿಯವರ ಹೆಂಡತಿಯ ದೂರು. (ಅತ್ತೆಗೆ ಇದು ಹೊಗಳಿಕೆಯಾಗಿ ಕೇಳಿಸಿ, ಅವರು ಆ ದಿನವೆಲ್ಲ ಖುಷಿಯಾಗಿದ್ದರು.)

ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರದ ಹೊಟ್ಟೆ ಬಗೆಯುತ್ತಿದ್ದರು. "ಎಲ್ಲಿ ಸುಕ್ಕು? ನನಗೇನೂ ಕಾಣಲ್ಲಪ್ಪ," ಎಂದರು, ತಲೆ ಎತ್ತದೆ. ಆ ಮಾತೇ ಅವಳನ್ನು ಚರ್ಮದ ಡಾಕ್ಟರ ಬಾಗಿಲಿಗೆ ಅಟ್ಟಿತು.

ಡಾಕ್ಟರಮ್ಮ ಕಣ್ಣ ಕೆಳಗೆ ಸಣ್ಣ ಸೂಜಿ ಚುಚ್ಚಿ, "ಸ್ವಲ್ಪ ನೀಲಿಗಟ್ಟಬಹುದು, ಗಾಬರಿ ಬೇಡ. ಬಟ್ಟೆಯಲ್ಲಿ ಸುತ್ತಿ ಐಸ್ ಇಡಿ. ಒತ್ತಬೇಡಿ, ಉಜ್ಜಬೇಡಿ. ತಲೆ ಎತ್ತರಕ್ಕಿಟ್ಟು ಮಲಗಿ. ಒಂದೆರಡು ದಿನ ಬಗ್ಗೋದು, ಭಾರ ಎತ್ತೋದು, ಆವಿಗೆ ಮುಖ ಕೊಡೋದು ಬೇಡ," ಎಂದರು.

ಬಗ್ಗದೆ ನೆಲ ಒರೆಸುವುದುಂಟೆ? ಭಾರ ಎತ್ತದೆ ಬಕೆಟ್ಟು? ಆವಿಯಿಲ್ಲದೆ ಅಡುಗೆ? ಬಸ್ಸಿನಲ್ಲಿ ಕೂತ ಅವಳಿಗೆ ಜ್ಞಾನೋದಯವಾಯಿತು. 'ಒಂದೆರಡು ದಿನ' ಎಂಬುದನ್ನು ಸೀಟಿನ ಮೇಲೇ ಬಿಟ್ಟು ಇಳಿದಳು.

"ನೀಲಿ ಹೋಗೋ ತನಕ ಏನೂ ಮಾಡಬಾರದಂತೆ ರೀ."

"ನಾನು ಇಷ್ಟು ಮಕ್ಕಳನ್ನ ಹೆತ್ತೆ," ಎಂದರು ಅತ್ತೆ. "ಯಾವ ಡಾಕ್ಟ್ರೂ ನನಗೆ ಇಂಥ ರಜೆ ಕೊಡಲಿಲ್ಲ."

ಯಜಮಾನರು ಅಂಗಿಯ ತೋಳು ಮಡಚಿದರು. ಅಂಗಡಿಗೆ ಹೋಗುವ ಮೊದಲು ಗುಡಿಸಿದರು, ಬೇಯಿಸಿದರು, ಒಗೆದರು. ಅಕ್ಕಿಯ ಕಲ್ಲನ್ನು ಗಡಿಯಾರದ ಚಿಮಟದಿಂದಲೇ ಆರಿಸಿದರು. ಹೆಂಡತಿ ಎರಡು ದಿಂಬುಗಳ ಸಿಂಹಾಸನದಿಂದ, ಮುಖಕ್ಕೆ ಐಸ್ ಹಿಡಿದುಕೊಂಡು, ರಾಜ್ಯಭಾರ ನಡೆಸಿದಳು.

ಆದರೆ ಆ ನೀಲಿಗೆ ನಿಯತ್ತಿರಲಿಲ್ಲ. ಹಸಿರಾಯಿತು, ಹಳದಿಯಾಯಿತು, ಒಂದು ಬೆಳಿಗ್ಗೆ ಹೇಳದೆ ಕೇಳದೆ ಹೋಗಿಯೇಬಿಟ್ಟಿತು. ಅಡುಗೆಮನೆಯಲ್ಲಿ ಪಾತ್ರೆಗಳು ರಾಶಿ ಬಿದ್ದಿದ್ದವು. ಮೇಕಪ್ ಡಬ್ಬಿಯಲ್ಲಿ ರೆಪ್ಪೆಗೆ ಹಚ್ಚುವ ನೀಲಿ ಬಣ್ಣವಿತ್ತು. ಅಂದಿನಿಂದ ಎದ್ದ ಕೂಡಲೇ ಕನ್ನಡಿ, ಆಮೇಲೆ ನರಳಾಟ.

ಅತ್ತೆ ಬಗ್ಗಿ ನೋಡಿದರು. "ನಿನ್ನೆ ಬಾದಾಮಿಯಷ್ಟಿತ್ತು, ಇವತ್ತು ಬದನೆಕಾಯಿಯಷ್ಟಾಗಿದೆಯಲ್ಲೇ?"

"ಒಳಗಿರೋದು ಹೊರಗೆ ಬರ್ತಿದೆ ಅತ್ತೆ. ಹಾಗೆ ಬಂದೇ ವಾಸಿಯಾಗೋದು."

ಯಜಮಾನರು ನಲ್ಲಿಯ ಕೆಳಗೆ ಬಟ್ಟೆ ಹಿಂಡುತ್ತಿದ್ದರು.

ಒಂದು ಸಂಜೆ ಅವರು ಅಂಗಡಿಯಿಂದ ಬಂದಾಗ ಹುಬ್ಬಿನಿಂದ ಕಣ್ಣಿನ ಮೂಲೆಯವರೆಗೆ ಶಾಯಿ ಚೆಲ್ಲಿದಂತಿತ್ತು.

"ಅಯ್ಯಯ್ಯೋ! ಎಲ್ಲಿ ಬಿದ್ರಿ?"

"ಬೀಳಲಿಲ್ಲ, ಚುಚ್ಚಿಸ್ಕೊಂಡೆ. ಮುಳ್ಳು, ಚಕ್ರ ನೋಡಿ ನೋಡಿ ಹುಬ್ಬು ಗಂಟು ಬಿದ್ದಿತ್ತಲ್ಲ. ಬೆಳಿಗ್ಗೆ ತಲೆನೋವು ಅಂತ ಆಸ್ಪಿರಿನ್ ನುಂಗಿದ್ದೆ, ಡಾಕ್ಟರಮ್ಮಂಗೆ ಹೇಳಲಿಲ್ಲ. ಅದು ನುಂಗಿದ್ರೆ ರಕ್ತ ಬೇಗ ನಿಲ್ಲಲ್ವಂತೆ. ಚೆನ್ನಾಗಿ ಉಗಿದ್ರು. ನೀಲಿ ಹೋಗೋಕೆ ಎರಡು ವಾರವಾದ್ರೂ ಬೇಕಂತೆ." ಅವರು ಎರಡು ದಿಂಬು ಜೋಡಿಸಿ ಒರಗಿದರು. "ಐಸ್ ತಾ. ಒತ್ತಬೇಡ."

"ಪಥ್ಯ ಒಂದೆರಡು ದಿನ ಅಷ್ಟೇ ರೀ!" ಎಂದ ಮೇಲೆ ಅವಳು ನಾಲಿಗೆ ಕಚ್ಚಿಕೊಂಡಳು.

"ನೀಲಿ ಹೋಗೋ ತನಕ ಅಂತ ನೀನೇ ಹೇಳಿದ್ದಲ್ಲೇ?"

"ಹಾಗಾದ್ರೆ ನನಗೂ ಇನ್ನೂ ನೀಲಿ ಇದೆಯಲ್ಲ!"

ಯಜಮಾನರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ದಿನಾ ದಿಂಬಿನ ಚೀಲ ಒಗೆದೋನು ನಾನು ಕಣೇ. ನಿಂದು ಸೋಪು ಹಾಕಿದ್ರೆ ಹೋಗುತ್ತೆ. ನಂದು ಹೋಗಲ್ಲ."