ಹರವಿಯಲ್ಲಿಟ್ಟ ಹಸಿರು ಬಾಟಲಿ

ನಾನು ಸಿಟ್ಟಿನ ಮನುಷ್ಯ. ಕಚೇರಿಯಲ್ಲಿ ನುಂಗಿಕೊಂಡ ಸಿಟ್ಟನ್ನು ಮನೆಗೆ ಬಂದು ಕಾರುವುದು ನಮ್ಮಂಥ ಕಾರಕೂನರ ಹುಟ್ಟುಗುಣ. ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುವ ನಾನು ಹೆಂಡತಿಯ ಮುಂದೆ ಮೀಸೆ ಕುಣಿಸುತ್ತೇನೆ. ಆದರೆ ಆ ದಿನದ ಸಿಟ್ಟಿಗೆ ಕಾರಣವಿತ್ತು. ಇಂದಿಗೂ ನೆನೆದರೆ ಮೈಯುರಿಯುತ್ತದೆ.

ಜರ್ಮನಿಯ ಮೇಲೆ ಯುದ್ಧ ಶುರುವಾದ ಮರುವರ್ಷದ ಬೇಸಿಗೆ. ಹಾನಗಲ್ಲಿನ ಬಂಗಲೆಯಲ್ಲಿ ಬಿಳಿಯ ಸಾಹೇಬರ ಮುಕ್ಕಾಮು. ಒಂದು ಬೆಳಿಗ್ಗೆ ನನ್ನನ್ನು ಕರೆದು, ಉದ್ದ ಕತ್ತಿನ ಹಸಿರು ಬಾಟಲಿಯೊಂದನ್ನು ಕೂಸಿನಂತೆ ಎತ್ತಿಕೊಂಡು ಒಂದು ತಾಸು ಕೊರೆದರು. ಜರ್ಮನಿಯಲ್ಲಿ ಮೊಸೆಲ್ ಎಂಬ ನದಿಯಂತೆ. ಅದರ ದಂಡೆಗೆ ನಿಂತರೆ ಜಾರುವಂಥ ಕಡಿದಾದ ಗುಡ್ಡ, ಗುಡ್ಡದ ತುಂಬ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿ. ಅಲ್ಲಿನ ಕಪ್ಪು ಕಲ್ಲಿನ ಚೂರುಗಳು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಳ್ಳಿಯನ್ನು ಬೆಚ್ಚಗಿಡುತ್ತವಂತೆ. ನನ್ನ ಹುಟ್ಟೂರು ಅಬಲೂರಿನ ಕಲ್ಲುಗಳೂ ಬಿಸಿಲು ಕುಡಿಯುತ್ತವೆ. ಕೊಡುವುದು ಮಾತ್ರ ಅಂಗಾಲಿಗೆ ಬೊಬ್ಬೆ. ಯುದ್ಧದಿಂದಾಗಿ ಆ ದ್ರಾಕ್ಷಿಯ ವೈನು ಬರುವುದು ನಿಂತಿದೆ, ಇದೇ ಕಡೆಯ ಬಾಟಲಿ, ನಾಳೆ ನನ್ನ ಹುಟ್ಟುಹಬ್ಬಕ್ಕೆ ತೆರೆಯಬೇಕು, ಬಂಗಲೆಯಲ್ಲಿ ಸೆಕೆ, ನಿನ್ನ ಮನೆಯ ಮಣ್ಣಿನ ಹರವಿಯ ನೀರಿನಲ್ಲಿ ತಂಪಾಗಿಡು ಎಂದರು. ವಿಭೂತಿ ಹಚ್ಚುವ ಮನೆಗೆ ಹೆಂಡವೇ ಎಂದು ಕೇಳಬೇಕಿತ್ತು. ನನ್ನ ಬಡ್ತಿಯ ಕಾಗದ ಅವರ ಮೇಜಿನ ಮೇಲಿತ್ತು. ಒಳಗೊಳಗೇ ಕುದಿಯುತ್ತ "ಆಗಲ್ರಿ ಸಾಹೇಬ್ರ" ಎಂದೆ. ಮನೆಗೆ ತಂದು, ಯಾರಿಗೂ ಹೇಳದೆ ಹರವಿಯಲ್ಲಿ ಮುಳುಗಿಸಿ ಕಚೇರಿಗೆ ಹೋದೆ.

ಸಂಜೆ ಬಂದು ನೋಡಿದರೆ ಹಿತ್ತಾಳೆಯ ಕೊಡಗಳೆಲ್ಲ ಫಳಫಳ ಹೊಳೆಯುತ್ತಿವೆ. ಹಸಿರು ಬಾಟಲಿ ಔಡಲೆಣ್ಣೆ ತುಂಬಿಕೊಂಡು ಗೋಡೆಯ ಗೂಡಿನಲ್ಲಿ ನಿಂತಿದೆ! ನಮ್ಮ ಕಡೆ ಗಾಜಿನ ಬಾಟಲಿ ಸಿಕ್ಕರೆ ಹೆಂಗಸರಿಗೆ ಹಬ್ಬ. ಒಳಗಿರುವುದು ಯಾರಿಗೆ ಬೇಕು?

"ಎಂಥಾ ಚಂದದ ಬಾಟ್ಲಿ ತಂದೀರಿ!" ಎಂದಳು ಹೆಂಡತಿ ಗಂಗವ್ವ. "ದಬ್ಬಣದಿಂದ ಬೂಚು ಕಿತ್ತು ನೋಡಿದ್ರ ಒಳಗಿನ ನೀರು ಹುಳಿ ವಾಸನಿ ಹೊಡೀತಿತ್ರಿ. ಸುಮ್ನ ಚೆಲ್ಲೋದ್ಯಾಕ ಅಂತ ಕೊಡ ತಿಕ್ಕಿದೆ. ಹುಣಸಿಹಣ್ಣು ಉಳೀತು ನೋಡ್ರಿ."

ನನ್ನ ತಲೆ ಕೆಟ್ಟಿತು. "ಏ ಹುಚ್ಚಿ! ಅದು ನೀರಲ್ಲ, ಸಾಹೇಬರ ವೈನು! ಸಮುದ್ರ ದಾಟಿ ಬಂದ ಹೆಂಡ! ನನ್ನ ಬಡ್ತೀನ ತೊಳದಿಟ್ಟೆಲ್ಲ!" ಎಂದು ಓಣಿಯ ತುದಿಯವರೆಗೂ ಕೇಳುವಂತೆ ಅರಚಿದೆ. ಓಣಿಗೆ ಕೇಳಿಸಿತು. ಪಡಸಾಲೆಯಲ್ಲಿ ಕುಳಿತಿದ್ದ ಅವ್ವನಿಗೂ ಕೇಳಿಸಿತು.

"ಆ ಹೆಂಡಾ ಎದರಾಗ ಇಟ್ಟಿದ್ದೆಪಾ?" ಅವ್ವ ಮೆಲ್ಲಗೆ ಕೇಳಿದಳು.

"ಹರವ್ಯಾಗ."

"ನಾ ಲಿಂಗಪೂಜಿಗೆ ನೀರು ತಗೊಳ್ಳೋ ಹರವ್ಯಾಗ?"

ಸಿಟ್ಟೆಂದರೆ ಏನೆಂದು ನನಗೆ ಆಗ ತಿಳಿಯಿತು. ಅವ್ವ ಕೂಗಾಡಲಿಲ್ಲ. ಹರವಿ ಒಡೆಸಿದಳು, ಮನೆಯ ನೀರೆಲ್ಲ ಚೆಲ್ಲಿಸಿದಳು, ಕೊಡಗಳನ್ನೆಲ್ಲ ಮತ್ತೆ ಬೂದಿ, ಹುಣಸೆ ಹಚ್ಚಿ ತಿಕ್ಕಿಸಿದಳು. ತಿಕ್ಕಿದವನು ನಾನು, ಬಾವಿಯಿಂದ ನೀರು ಸೇದಿದವನೂ ನಾನು. ಓಣಿಯ ಜನ ಕಟ್ಟೆಯ ಮೇಲೆ ಕುಳಿತು ನೋಡಿದರು. ಸೊಕ್ಕಿನ ಮುಂಡೇವು!

ಮರುದಿನ ಬಾಟಲಿ ಒಡೆಯಿತೆಂದು ಸಾಹೇಬರಿಗೆ ಸುಳ್ಳು ಹೇಳಿದೆ. ಅವರು ಕಿಟಕಿಯತ್ತ ತಿರುಗಿ, ಮತ್ತೆ ಆ ನದಿ, ಆ ಗುಡ್ಡ, ಆ ದ್ರಾಕ್ಷಿ ಎಂದು ಸುರು ಮಾಡಿದರು. ನಿಂತೂ ನಿಂತೂ ನನ್ನ ಸೊಂಟ ಕಿತ್ತುಬಂತು. ನೋವಿಗೋ ಸಿಟ್ಟಿಗೋ ಕಣ್ಣಲ್ಲಿ ನೀರು ಬಂತು. ಸಾಹೇಬರು ಅದನ್ನು ನೋಡಿ ಕರಗಿಹೋದರು. ಹಾನಗಲ್ಲಿನಲ್ಲಿ ಆ ವೈನಿಗಾಗಿ ಅಳುವ ಇನ್ನೊಂದು ಜೀವ ಸಿಕ್ಕಿತೆಂದು ಭುಜ ತಟ್ಟಿ, ಬಡ್ತಿಯ ಕಾಗದಕ್ಕೆ ಸಹಿ ಹಾಕಿ, ಯುದ್ಧ ಮುಗಿದ ಕೂಡಲೇ ನಿನ್ನ ಮನೆಗೆ ಒಂದು ಡಜನ್ ಕಳಿಸುತ್ತೇನೆ ಎಂದು ಮಾತು ಕೊಟ್ಟರು. ಈಗ ಊರೆಲ್ಲ ಯುದ್ಧ ಮುಗಿಯಲೆಂದು ದೇವರಿಗೆ ಕೈಮುಗಿಯುವಾಗ, ಎದೆ ಧಸಕ್ಕೆನ್ನುವುದು ನನಗೊಬ್ಬನಿಗೇ.